ಹುಣಸೆ ಬೀಜದ ನೌಕೆಗಳು

ಮಸ್ಕಿಯಿಂದ ಸಿಂಧನೂರಿನ ಕಡೆ ಹೊರಟರೂ ಸರಿ, ಲಿಂಗಸುಗೂರಿನ ಕಡೆ ಹೊರಟರೂ ಸರಿ, ಕಣ್ಣು ತುಂಬ ಎರೆ ಹೊಲ. ನಡುನಡುವೆ ಯಾರೋ ಪೇರಿಸಿಟ್ಟಂತೆ ಬಂಡೆಗುಡ್ಡ. ವಳಕಮದಿನ್ನಿ ಈ ಸೀಮೆಯ ಊರು. ಮಳೆ ಬಿದ್ದಾಗ ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಕೀಳಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ನೆಲ ಅಂಗೈ ಹೋಗುವಷ್ಟು ಬಾಯಿ ಬಿಡುತ್ತದೆ. ಜೋಳ, ಹತ್ತಿ, ತೊಗರಿ. ಕಾಲುವೆ ನೀರು ಮುಟ್ಟಿದ ಕಡೆ ಭತ್ತ. ಹೊತ್ತು ಮುಳುಗಿದ ಮೇಲೆ ಬೀದಿದೀಪದ ಬೆಳಕು ಊರ ಅಂಚಿಗೇ ನಿಲ್ಲುತ್ತದೆ. ಅದರಾಚೆ ಹೊಲದ ಕತ್ತಲು, ಮೇಲೆ ದಿಗಂತದಿಂದ ದಿಗಂತಕ್ಕೆ ತೆರೆದ ಆಕಾಶ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ದೋಆಬ್‌ಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ಎರಡು ಶತಮಾನ ಬಡಿದಾಡಿದರು. ಮುದಗಲ್ ಕೋಟೆ, ಜಲದುರ್ಗ, ರಾಯಚೂರು ಕೋಟೆ ಎಲ್ಲವೂ ಅದಕ್ಕೆ ಸಾಕ್ಷಿ. ಅದರಲ್ಲಿ 1520ರ ರಾಯಚೂರು ಕಾಳಗವನ್ನು ಆಟದ ನಿಯಮ ಬರೆಯುವ ಯಾರಾದರೂ ಗಮನವಿಟ್ಟು ಓದಬೇಕು. ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ್ದ. ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆಯನ್ನು ದಾಟಿ ಬಂದು ಎದುರಾದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟ ಪ್ರಕಾರ ಆದಿಲ್ ಶಾನ ಫಿರಂಗಿಗಳೆಲ್ಲ ಒಮ್ಮೆಲೇ ಗರ್ಜಿಸಿದವು, ವಿಜಯನಗರದ ಮುಂಪಡೆ ಚೆದುರಿತು. ಆದರೆ ಹಾರಿಸಿದ ಫಿರಂಗಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಆ ಹೊತ್ತಿನಲ್ಲೇ ರಾಯನ ಹಿಂಪಡೆ ನುಗ್ಗಿತು. ಬಿಜಾಪುರದ ಸೇನೆಗೆ ಬೆನ್ನ ಹಿಂದೆ ಇದ್ದದ್ದು ಅವರೇ ದಾಟಿ ಬಂದ ನದಿ. ಮುಂದೆ ಬರುವಾಗ ದಾರಿಯಾಗಿದ್ದ ನೀರು ಹಿಂದೆ ಸರಿಯುವಾಗ ಗೋಡೆಯಾಯಿತು.

ಕಾಳಗದ ಕತೆಯಲ್ಲಿ ಶೌರ್ಯದ ಭಾಗವನ್ನು ಎಲ್ಲರೂ ಹೇಳುತ್ತಾರೆ. ಆಟ ಕಟ್ಟುವವನಿಗೆ ಬೇಕಾದದ್ದು ಬೇರೆ ಎರಡು ಸಂಗತಿ: ಗುಂಡು ಹಾರಿಸಿದ ಮೇಲಿನ ಬಿಡುವು, ಮತ್ತು ಒಮ್ಮೆ ಇಟ್ಟ ಹೆಜ್ಜೆಯ ಬೆಲೆ. ಇವೆರಡನ್ನು ಬಿಟ್ಟು ಆನೆ, ಕುದುರೆ, ಕಾಲಾಳುಗಳ ಉದ್ದದ ಪಟ್ಟಿ ಕೊಟ್ಟರೆ ಆಟ ನೋಡಲು ಯುದ್ಧದಂತೆ ಇರಬಹುದು, ಆದರೆ ಆಡಿದವನಿಗೆ ಯುದ್ಧದ ಒಂದು ಗುಣವೂ ತಿಳಿಯುವುದಿಲ್ಲ.

ನಮ್ಮ ಕಡೆಯ ಹುಲಿ-ಕುರಿ ಆಟವನ್ನು ನೋಡಿ. ಹಂಪಿಯ ಮಂಟಪಗಳ ಹಾಸುಗಲ್ಲಿನಲ್ಲಿ ಹಳೆಯ ಆಟದ ಮನೆಗಳನ್ನು ಕೊರೆದದ್ದು ಇವತ್ತಿಗೂ ಕಾಣುತ್ತದೆ. ಊರೂರ ಕಟ್ಟೆಗಳ ಮೇಲೆ ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ಗೀಚಿದ್ದು ಮಳೆ ಬರುವ ತನಕ ಉಳಿದಿರುತ್ತದೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲಿಂದ ಜಿಗಿದು ತಿನ್ನುತ್ತದೆ. ಕುರಿಗಳು ಸುತ್ತುಗಟ್ಟಿ ಹುಲಿಗೆ ದಾರಿ ಇಲ್ಲದಂತೆ ಮಾಡುತ್ತವೆ. ಕಾಡಿನ ವಿವರ ಒಂದೂ ಇಲ್ಲ. ಬಲಶಾಲಿಗೆ ಜಾಗ ಬೇಕು, ಬಡವರಿಗೆ ಒಗ್ಗಟ್ಟು ಬೇಕು ಎಂಬ ಒಂದೇ ಮಾತನ್ನು ಆ ಆಟ ಬಿಗಿಯಾಗಿ ಹಿಡಿದಿದೆ. ಅಷ್ಟಕ್ಕೇ ಅದು ಇಷ್ಟು ತಲೆಮಾರು ಬಾಳಿದೆ.

ಬಾಹ್ಯಾಕಾಶದ ಕಾಳಗವನ್ನು ಮೇಜಿನ ಮೇಲೆ ಆಡುವವರ ಮುಂದಿರುವುದೂ ಇದೇ ಪ್ರಶ್ನೆ: ಯಾವ ಒಂದು ಮಾತನ್ನು ಬಿಗಿಯಾಗಿ ಹಿಡಿಯಬೇಕು?

ಈ ಆಟಗಳ ಬಗ್ಗೆ ಕೇಳದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಆಟ ನಡೆಸುವವ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬಳು ನೌಕೆ ನಡೆಸುವವಳು, ಒಬ್ಬ ಎಂಜಿನಿಯರು, ಒಬ್ಬ ವೈದ್ಯ. ಏನು ಮಾಡುತ್ತೇನೆ ಎಂದು ಬಾಯಲ್ಲಿ ಹೇಳುತ್ತಾರೆ, ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಿಂದ ಈ ಬಗೆಯ ಆಟ ಶುರುವಾಯಿತು. 1977ರಲ್ಲಿ ಮಾರ್ಕ್ ಮಿಲ್ಲರ್ ರೂಪಿಸಿದ ‘ಟ್ರಾವೆಲರ್’ ಅದನ್ನು ನಕ್ಷತ್ರಗಳ ನಡುವೆ ಒಯ್ದಿತು. ಸಣ್ಣ ಡಬ್ಬಿಯಲ್ಲಿ ಮೂರು ಕಪ್ಪು ಪುಸ್ತಿಕೆ, ಅಷ್ಟೇ.

ಮಿಲ್ಲರ್ ಅದಕ್ಕೂ ಮೊದಲೇ, 1973ರಲ್ಲಿ, ಜಾನ್ ಹಾರ್ಶ್‌ಮನ್ ಜೊತೆ ಸೇರಿ ‘ಟ್ರೈಪ್ಲಾನೆಟರಿ’ ಎಂಬ ಆಟ ಮಾಡಿದ್ದರು. ಸೌರಮಂಡಲದ ನಕಾಶೆಯ ಮೇಲೆ ಮೇಣದ ಪೆನ್ಸಿಲಿನಿಂದ ನೌಕೆಯ ದಾರಿಯನ್ನು ಬಾಣದ ಗುರುತಾಗಿ ಎಳೆಯಬೇಕು. ಈ ಪಾಳಿಯಲ್ಲಿ ಎಷ್ಟು ದೂರ, ಯಾವ ದಿಕ್ಕಿಗೆ ಹೋದಿರೋ ಮುಂದಿನ ಪಾಳಿಯಲ್ಲೂ ಅಷ್ಟೇ ದೂರ, ಅದೇ ದಿಕ್ಕಿಗೆ ಹೋಗುತ್ತೀರಿ. ಎಂಜಿನ್ ಉರಿಸಿದರೆ ಬಾಣದ ತುದಿಯನ್ನು ಸ್ವಲ್ಪ ಸರಿಸಬಹುದು. ನ್ಯೂಟನ್ ಹೇಳಿದ್ದೂ ಇದನ್ನೇ. 1978ರ ‘ಮೇಡೇ’ ಆಟದಲ್ಲಿ ಇದು ಇನ್ನೂ ಸರಳವಾಯಿತು. ಪೆನ್ಸಿಲ್ ಬೇಡ, ಪ್ರತಿ ನೌಕೆಗೆ ಮೂರು ಬಿಲ್ಲೆ. ಹಿಂದೆ ಎಲ್ಲಿತ್ತು, ಈಗ ಎಲ್ಲಿದೆ, ಮುಂದೆ ಎಲ್ಲಿರುತ್ತದೆ. ಅಲ್ಲಿ ಒಂದು ಮನೆ ಅಂದರೆ ಬೆಳಕು ಒಂದು ಸೆಕೆಂಡಿನಲ್ಲಿ ಸಾಗುವ ದೂರ, ಸುಮಾರು 3 ಲಕ್ಷ ಕಿಲೋಮೀಟರ್. ಒಂದು ಪಾಳಿ ಅಂದರೆ 100 ನಿಮಿಷ. ಭೂಮಿಯನ್ನು ಒಂದು ಮನೆಯಲ್ಲಿಟ್ಟರೆ ಚಂದ್ರ ಪಕ್ಕದ ಮನೆಯಲ್ಲಿ.

ಮೂರು ಬಿಲ್ಲೆ ಎಂದರೆ ಮೂರು ಹುಣಸೆ ಬೀಜವೂ ಆದೀತು. ವಳಕಮದಿನ್ನಿಯ ಕಟ್ಟೆಯ ಮೇಲೆ ಹುಡುಗರ ಮುಂದೆ ನಾನು ಹೂಡಿದ್ದು ಇದನ್ನೇ. ಹುಲಿ-ಕುರಿಯ ಗೆರೆಗಳ ಪಕ್ಕದಲ್ಲಿ ಸೀಮೆಸುಣ್ಣದಿಂದ ಸಾಲು ಮನೆ ಬರೆದೆವು. ಒಂದು ಬೀಜ ಹಿಂದಿನದು, ಒಂದು ಈಗಿನದು, ಮೂರನೆಯದು ಬರುವ ಪಾಳಿಯದು. ಹಿಂದಿನ ಬೀಜಕ್ಕೂ ಈಗಿನ ಬೀಜಕ್ಕೂ ಎಷ್ಟು ಮನೆಯ ಅಂತರವೋ ಅಷ್ಟೇ ಅಂತರಕ್ಕೆ ಮೂರನೆಯದನ್ನು ಮುಂದೆ ಇಡಬೇಕು. ಎಂಜಿನ್ ಉರಿಸಿದರೆ ಅದನ್ನು ಒಂದು ಮನೆ ಸರಿಸಬಹುದು, ಅಷ್ಟೇ.

ಮೊದಲು ಕೂತ ಹುಡುಗ ಸಿನಿಮಾ ನೋಡಿ ಪಳಗಿದವನು. ಪ್ರತಿ ಪಾಳಿಗೂ ಎಂಜಿನ್ ಉರಿಸಿದ. ಒಂದು, ಎರಡು, ಮೂರು, ನಾಲ್ಕು, ಐದು. ಬೀಜಗಳ ನಡುವಿನ ಅಂತರ ಹಿಗ್ಗಿದಂತೆ ಅವನ ಮುಖವೂ ಹಿಗ್ಗಿತು. ಎದುರಾಳಿಯ ಬೀಜ ಎಂಟು ಮನೆ ದೂರದಲ್ಲಿದ್ದಾಗ ಬ್ರೇಕ್ ಹಾಕಲು ಹೊರಟ. ಐದು ನಾಲ್ಕಾಯಿತು, ನಾಲ್ಕು ಮೂರಾಯಿತು, ಮೂರು ಎರಡಾಯಿತು. ನಿಲ್ಲುವ ಹೊತ್ತಿಗೆ ಅವನ ನೌಕೆ ಹತ್ತು ಮನೆ ಮುಂದೆ ಹೋಗಿ, ಎದುರಾಳಿಯನ್ನು ದಾಟಿ, ಕಟ್ಟೆಯ ಅಂಚಿಗೆ ಬಂದಿತ್ತು.

“ಬ್ರೇಕ್ ಹಾಕೀನಲ್ಲ, ಯಾಕ ನಿಂದರಲಿಲ್ಲ ಇದು?”

“ಹಾಕಿದಿ, ಖರೆ. ಪಾಳಿಗೆ ಒಂದ ಮನಿ ಅಷ್ಟ ಕಡಿಮಿ ಆಗತೈತಿ,” ಎಂದಳು ಪಕ್ಕದಲ್ಲಿ ಎಣಿಸುತ್ತ ಕೂತಿದ್ದ ಅವನ ಅಕ್ಕ.

ಕಂಬಕ್ಕೆ ಒರಗಿ ನೋಡುತ್ತಿದ್ದ ತಾತ ನಕ್ಕರು. “ತಮ್ಮಾ, ಇಳಿಜಾರಿನ್ಯಾಗ ತುಂಬಿದ ಬಂಡಿ ಇದ್ದಂಗ ಇದು. ಹೊಡಿಯೂದು ಯಾರಿಗರ ಬರತೈತಿ. ಹಿಡಿಯೂದು ಬರಬೇಕು.”

ನ್ಯೂಟನ್ನನ ಮೊದಲ ನಿಯಮವನ್ನು ಆ ಹುಡುಗ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಾನೆ. ಆದರೆ ಅದು ಅವನಿಗೆ ಅಡ್ಡಗಾಲು ಹಾಕಿದ್ದು ಅವತ್ತೇ ಮೊದಲು. ನಿಯಮವೊಂದು ನೈಜವಾಗಿದೆ ಎಂದು ನಾನು ಹೇಳುವುದು ಇಂಥದ್ದನ್ನು ಕಂಡಾಗ.

ಇದು ಬರೀ ಕಲ್ಪನೆಯ ಕಸರತ್ತಲ್ಲ. ಬೆಂಗಳೂರಿನಿಂದಲೇ ಇಂಥದ್ದನ್ನು ನಿಜವಾಗಿ ನಡೆಸಿದ್ದಾರೆ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ60 ಎರಡು ಪುಟ್ಟ ಉಪಗ್ರಹಗಳನ್ನು ಸುಮಾರು 475 ಕಿಲೋಮೀಟರ್ ಎತ್ತರದ ಕಕ್ಷೆಗೆ ಸೇರಿಸಿತು. ಒಂದೊಂದೂ 220 ಕಿಲೋ ಆಸುಪಾಸು. ಒಂದರ ಹೆಸರು ಚೇಸರ್, ಇನ್ನೊಂದು ಟಾರ್ಗೆಟ್: ಬೆನ್ನಟ್ಟುವುದು ಮತ್ತು ಗುರಿ. ಹೆಸರು ಕೇಳಿದರೆ ಕಾಳಗದ ಆಟವೇ. ಎರಡನ್ನೂ ಕಕ್ಷೆಯಲ್ಲೇ ಕೂಡಿಸುವ ಈ ಯೋಜನೆಗೆ ಸ್ಪೇಡೆಕ್ಸ್ ಎಂದು ಹೆಸರು. ನಿಯಂತ್ರಣ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ.

ಎರಡೂ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದವು. ಕೂಡುವಾಗ ಒಂದಕ್ಕೊಂದು ಹತ್ತಿರವಾಗಬೇಕಾದ ವೇಗ ಮಾತ್ರ ಸೆಕೆಂಡಿಗೆ 10 ಮಿಲಿಮೀಟರ್. ಅಂದರೆ ಒಂದು ಮೀಟರ್ ಸಾಗಲು 100 ಸೆಕೆಂಡ್. ಜನವರಿ 8ರಂದು ಹತ್ತಿರ ತರುವಾಗ ನೌಕೆಗಳು ಲೆಕ್ಕಕ್ಕಿಂತ ಹೆಚ್ಚು ಸರಿದವು. ಕೂಡಿಸುವುದನ್ನು ಮುಂದಕ್ಕೆ ಹಾಕಿದರು. ಜನವರಿ 12ರಂದು 15 ಮೀಟರಿಗೆ, ಅಲ್ಲಿಂದ 3 ಮೀಟರಿಗೆ ತಂದು, ನೋಡಿ, ಮತ್ತೆ ಹಿಂದಕ್ಕೆ ಒಯ್ದರು. ಮೂರು ಮೀಟರ್ ಅಂದರೆ ನಮ್ಮ ಕಡೆಯ ಪಡಸಾಲೆಯ ಅಗಲ. ಅಷ್ಟು ಹತ್ತಿರ ಬಂದದ್ದನ್ನು ಅವಸರ ಮಾಡದೆ ಹಿಂದೆ ಒಯ್ಯಲು ಎಂಥ ತಾಳ್ಮೆ ಬೇಕು! ಜನವರಿ 16ರಂದು ಅವು ಕೂಡಿದವು. ಇದನ್ನು ಸಾಧಿಸಿದ ನಾಲ್ಕನೆಯ ದೇಶ ಭಾರತ.

ಕಕ್ಷೆಯಲ್ಲಿ ಇನ್ನೊಂದು ತೊಡಕಿದೆ. ಮುಂದಿರುವ ನೌಕೆಯನ್ನು ಹಿಡಿಯಲು ನೆಟ್ಟಗೆ ಅದರ ಕಡೆ ಎಂಜಿನ್ ಉರಿಸಿದರೆ ನಿಮ್ಮ ಕಕ್ಷೆ ಮೇಲೇರುತ್ತದೆ. ಮೇಲಿನ ಕಕ್ಷೆಯಲ್ಲಿ ಸುತ್ತು ನಿಧಾನ, ನೀವು ಹಿಂದೆ ಬೀಳುತ್ತೀರಿ. ಹಿಡಿಯಬೇಕೆಂದರೆ ಮೊದಲು ವೇಗ ತಗ್ಗಿಸಿ ಕೆಳಗಿಳಿಯಬೇಕು. 1965ರ ಜೂನ್‌ನಲ್ಲಿ ಜೆಮಿನಿ-4 ನೌಕೆಯ ಜೇಮ್ಸ್ ಮೆಕ್‌ಡಿವಿಟ್ ತನ್ನದೇ ರಾಕೆಟ್ಟಿನ ಕಳಚಿದ ಹಂತದ ಹತ್ತಿರ ಹೋಗಲು ಅದರತ್ತ ನೌಕೆ ತಿರುಗಿಸಿ ಎಂಜಿನ್ ಉರಿಸಿದ್ದರು. ಅದು ದೂರವಾಗುತ್ತಲೇ ಹೋಯಿತು. ಇಂಧನ ಅರ್ಧಕ್ಕೆ ಬಂದಾಗ ಕೈಬಿಟ್ಟರು. ಪಳಗಿದ ವಿಮಾನ ಚಾಲಕ ಆತ. ಆಕಾಶದಲ್ಲಿ ವಿಮಾನ ನಡೆಸಿದ ಕೈಗೆ ಅಲ್ಲಿಯ ದಾರಿ ಹೊಸದು. ಅದೇ ವರ್ಷದ ಡಿಸೆಂಬರ್ 15ರಂದು ಜೆಮಿನಿ-6 ಮತ್ತು ಜೆಮಿನಿ-7 ಲೆಕ್ಕ ಹಾಕಿಕೊಂಡು ಬಂದು ಪಕ್ಕಪಕ್ಕ ನಿಂತವು.

ವಿಮಾನಗಳ ಹಾಗೆ ತಿರುಗಿ ಮುಗಿಬೀಳುವ ನೌಕೆಗಳು ಸಿನಿಮಾದವು. ‘ಸ್ಟಾರ್ ವಾರ್ಸ್’ ಮಾಡುವಾಗ ಜಾರ್ಜ್ ಲೂಕಸ್ ಎರಡನೇ ಮಹಾಯುದ್ಧದ ವಿಮಾನ ಕಾಳಗದ ತುಣುಕುಗಳನ್ನು ಮುಂದಿಟ್ಟುಕೊಂಡಿದ್ದರು. ಆ ಚಿತ್ರವನ್ನು ಮೇಜಿನ ಮೇಲೆ ಆಡುವ ಆಟಗಳು ಅದೇ ನಡೆಯನ್ನು ಹಿಡಿದಿವೆ, ಅದು ಸರಿಯೇ. ಅವು ಸಿನಿಮಾಕ್ಕೆ ನಿಷ್ಠವಾಗಿವೆ. ಆದರೆ ಆಕಾಶಕ್ಕೆ ನಿಷ್ಠವಾದ ಆಟ ಬೇಕು ಎಂದವರು ಆ ನಿಯಮಗಳಿಗೇ ಇನ್ನಷ್ಟು ಅಂಕಿ, ಇನ್ನಷ್ಟು ಬಗೆಯ ಕ್ಷಿಪಣಿ ಸೇರಿಸುತ್ತ ಹೋದರೆ ಪ್ರಯೋಜನವಿಲ್ಲ. ವಿಮಾನದ ನಡೆಗೆ ಎಷ್ಟು ಅಂಕಿ ಪೋಣಿಸಿದರೂ ಅದು ವಿಮಾನವೇ.

ಅಂಕಿಗಳ ಆಯಸ್ಸೂ ಕಡಿಮೆ. ಹಳೆಯ ‘ಟ್ರಾವೆಲರ್’ನಲ್ಲಿ ನೌಕೆಯ ಅತಿ ಸಣ್ಣ ಕಂಪ್ಯೂಟರಿಗೇ ಒಂದು ಟನ್ನಿನ ಜಾಗ ಬೇಕಿತ್ತು. ಒಮ್ಮೆಗೆ ಎರಡು ಚಿಕ್ಕ ಪ್ರೋಗ್ರಾಂ ಓಡಿಸಿದರೆ ಅದರ ಶಕ್ತಿ ಮುಗಿಯಿತು. ಗುರಿ ಹಿಡಿಯುವುದೋ, ತಪ್ಪಿಸಿಕೊಳ್ಳುವುದೋ ಎಂದು ಆಡುವವರು ಒದ್ದಾಡಬೇಕು. 1977ರಲ್ಲಿ ಅದು ನಂಬುವಂತೆಯೇ ಇತ್ತು. ಇವತ್ತು ಹೊಲದ ಬದುವಿನ ಮೇಲೆ ಕೂತು ಹತ್ತಿ ದರ ನೋಡುವ ಮೊಬೈಲಿನಲ್ಲೇ ಅದಕ್ಕಿಂತ ಹೆಚ್ಚಿನ ಕಸುವಿದೆ. ಕಂಪ್ಯೂಟರಿನ ನಿಯಮ ಹಳತಾಯಿತು, ಮೂರು ಬಿಲ್ಲೆಯ ನಿಯಮ ಹಳತಾಗಲಿಲ್ಲ.

ಶಸ್ತ್ರದ ಮಾತಿಗೆ ಬಂದರೂ ವೇಗವೇ ಮುಖ್ಯ. 2019ರ ಮಾರ್ಚ್ 27ರ ‘ಮಿಷನ್ ಶಕ್ತಿ’ಯಲ್ಲಿ ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ಹಾರಿದ ಕ್ಷಿಪಣಿ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ನಮ್ಮದೇ ಉಪಗ್ರಹವೊಂದಕ್ಕೆ ನೇರ ಬಡಿದು ಒಡೆಯಿತು. ಸಿಡಿಮದ್ದು ಬೇಕಾಗಲಿಲ್ಲ. ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಬಡಿಯುವ ಒಂದು ಕಿಲೋ ಕಲ್ಲಿನಲ್ಲಿ ಹತ್ತು ಕಿಲೋಗೂ ಹೆಚ್ಚು ಟಿಎನ್‌ಟಿಯ ಕಸುವಿರುತ್ತದೆ. ಸೋವಿಯತ್ತಿನ ಸಲ್ಯೂತ್-3 ನಿಲ್ದಾಣದಲ್ಲಿ ಒಂದು ತೋಪನ್ನೇ ಇಟ್ಟಿದ್ದರು. 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ನೆಲದಿಂದ ಆಜ್ಞೆ ಕೊಟ್ಟು ಹಾರಿಸಿ ನೋಡಿದರು. ಗುಂಡು ಮುಂದೆ ಹೋದರೆ ನಿಲ್ದಾಣ ಹಿಂದೆ ಸರಿಯಬೇಕಲ್ಲ! ಬಯಲಿನಲ್ಲಿ ನಿಂತ ಫಿರಂಗಿಯ ಒದೆತವನ್ನು ನೆಲ ತಡೆದುಕೊಳ್ಳುತ್ತದೆ, ಅಲ್ಲಿ ತಡೆಯಲು ನೆಲವಿಲ್ಲ.

ಬಿಸಿಯ ವಿಚಾರವೂ ಇದೆ. ಗಾಳಿ ಇಲ್ಲದ ಕಡೆ ಶಾಖ ಹೊರಹೋಗುವುದು ವಿಕಿರಣದಿಂದ ಮಾತ್ರ. ಉರಿಯುವ ಎಂಜಿನ್ನನ್ನು ಕತ್ತಲಲ್ಲಿ ಅಡಗಿಸಿಡಲಾಗದು. 2004ರ ‘ಅಟ್ಯಾಕ್ ವೆಕ್ಟರ್: ಟ್ಯಾಕ್ಟಿಕಲ್’ ಎಂಬ ಆಟ ಈ ಶಾಖವನ್ನೂ, ಮೇಲೆ-ಕೆಳಗೆಂಬ ಮೂರನೆಯ ಆಯಾಮವನ್ನೂ ಲೆಕ್ಕಕ್ಕೆ ತಂದಿತು. ಕೆನ್ ಬರ್ನ್‌ಸೈಡ್ ಪಟ್ಟ ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಪಾತ್ರ ವಹಿಸಿ ಆಡುವ ಐದು ಜನರ ಮೇಜಿನ ಮೇಲೆ ನಾನು ಅದನ್ನು ಹಾಸಲಾರೆ. ನೌಕೆ ನಡೆಸುವವಳು ಕೋನಗಳನ್ನು ಅಳೆಯುವ ತನಕ ವೈದ್ಯನೂ ಎಂಜಿನಿಯರೂ ಆಕಳಿಸುತ್ತಾರೆ.

ನನ್ನ ಹಟ ಬೇರೆ. ಎಷ್ಟೋ ನಿಯಮ ಪುಸ್ತಕಗಳು ಎದುರಾಳಿಯ ನೌಕೆ ಕೆಟ್ಟಲ್ಲಿಗೆ ಮುಗಿಯುತ್ತವೆ. ನಿಜವಾದ ಆಕಾಶ ಶುರುವಾಗುವುದೇ ಅಲ್ಲಿಂದ. ಎಂಜಿನ್ ಕೆಟ್ಟ ನೌಕೆ ಮುಳುಗುವುದಿಲ್ಲ, ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ಕೆಟ್ಟ ಗಳಿಗೆಯಲ್ಲಿ ಯಾವ ವೇಗವಿತ್ತೋ ಅದೇ ವೇಗದಲ್ಲಿ, ಒಳಗಿನ ಜನರ ಸಮೇತ, ದೂರ ಸಾಗುತ್ತಲೇ ಇರುತ್ತದೆ. ಅವರನ್ನು ಉಳಿಸಬೇಕೆಂದರೆ ಹತ್ತಿರ ಹೋದರೆ ಸಾಲದು. ಅದೇ ದಿಕ್ಕು, ಅದೇ ವೇಗ ಹಿಡಿದು ಹತ್ತಿರ ಹೋಗಬೇಕು. ಹೊಡೆಯಲು ಜಾಗವೊಂದು ಕೂಡಿದರೆ ಸಾಕು. ಉಳಿಸಲು ಜಾಗವೂ ಕೂಡಬೇಕು, ವೇಗವೂ ಕೂಡಬೇಕು. ಸ್ಪೇಡೆಕ್ಸಿನವರು ಅಷ್ಟು ದಿನ ಅಷ್ಟು ತಾಳ್ಮೆಯಿಂದ ಮಾಡಿದ್ದು ಈ ಎರಡನೆಯದನ್ನೇ. ಪಾತ್ರಗಳಿಗೂ ಆಗ ಕೆಲಸ ಸಿಗುತ್ತದೆ: ಎಂಜಿನಿಯರು ಸೋರುವ ಗಾಳಿ ತಡೆಯಬೇಕು, ವೈದ್ಯ ರೇಡಿಯೊದಲ್ಲಿ ಗಾಯಾಳುವಿಗೆ ಧೈರ್ಯ ಹೇಳಬೇಕು, ನೌಕೆ ನಡೆಸುವವಳು ಮನೆ ಎಣಿಸಬೇಕು.

ಕಟ್ಟೆಯ ಮೇಲೆ ಎರಡನೆಯ ಆಟಕ್ಕೆ ನಾನು ಕೊಟ್ಟ ನಿಯಮ ಇದು. ಕೆಟ್ಟ ನೌಕೆ ಪಾಳಿಗೆ ಮೂರು ಮನೆಯಂತೆ ಸಾಗುತ್ತಿದೆ. ನಿಮ್ಮದು ನಿಂತಿದೆ. ಅದು ನಿಮ್ಮ ಮನೆಯನ್ನು ದಾಟಿದ ಗಳಿಗೆಯಿಂದ ಎಣಿಕೆ. ಅದರೊಳಗಿನ ಗಾಳಿ ಏಳು ಪಾಳಿಗೆ ಸಾಕು.

ಹುಡುಗ ಮತ್ತೆ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಓಡಿಸಿದ. ಐದನೇ ಪಾಳಿಗೆ ಎರಡೂ ಬೀಜ ಹದಿನೈದನೇ ಮನೆಯಲ್ಲಿ! “ಹಿಡಿದೆ!” ಎಂದು ಕೂಗಿದ.

“ಎಲ್ಲಿ ಹಿಡಿದಿ? ನಿಂದು ಐದು, ಅದರದು ಮೂರು,” ಎಂದಳು ಅಕ್ಕ. ಬ್ರೇಕ್ ಹಾಕುತ್ತ ಹಾಕುತ್ತ ಅವನ ನೌಕೆ ಒಂದು ಮನೆ ಮುಂದೆ ಹೋಗಿಬಿಟ್ಟಿತು. ವೇಗ ಸರಿಹೋಗುವ ಹೊತ್ತಿಗೆ ಏಳು ಪಾಳಿ ಮುಗಿದಿದ್ದವು.

ಈಗ ಅವಳ ಪಾಳಿ. ಬೀಜ ಮುಟ್ಟದೆ ಬಹಳ ಹೊತ್ತು ಬೆರಳು ಮಡಚಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ಎಂಜಿನ್ ಆರಿಸಿದಳು. ಐದನೇ ಪಾಳಿಯಲ್ಲೂ ನಾಲ್ಕು ಮನೆ, ಆರನೆಯದರಲ್ಲೂ ನಾಲ್ಕು. ತಮ್ಮ ತಡೆಯಲಾರದೆ “ಹೊಡಿಯಲೇನ ಎಂಜಿನ್?” ಎಂದ. ಅವಳು ಕೇಳಲಿಲ್ಲ. ಆರನೇ ಪಾಳಿಗೆ ಎರಡೂ ಬೀಜ ಹದಿನೆಂಟನೇ ಮನೆಯಲ್ಲಿ ಸೇರಿದವು. ಏಳನೆಯದರಲ್ಲಿ ಒಂದು ಮನೆ ಕಡಿಮೆ ಮಾಡಿ ಮೂರಿಟ್ಟಳು. ಇಪ್ಪತ್ತೊಂದರಲ್ಲಿ ಇದೂ, ಇಪ್ಪತ್ತೊಂದರಲ್ಲಿ ಅದೂ, ಎರಡರ ವೇಗವೂ ಮೂರು.

“ಬಾಗಲಾ ತೆಗಿ ಅಂತ ಹೇಳಿ ಅವರಿಗೆ,” ಎಂದಳು.